ಕೆಂಪು ಗುರುತಿನ ಕಂಡೆನ್ಸರ್

ನನ್ನ ಮೇಜಿನ ಮೇಲೆ ಈಗ ಒಂದು ಕಂಪ್ಯೂಟರ್ ಕೂತಿದೆ. ಬರೆಯುವ ಕಂಪ್ಯೂಟರ್ ಅಲ್ಲ. ನಾನು ಇನ್ನೂ ಪೆನ್ನಿನವನೇ. ಇದು ಮೊನ್ನೆಯವರೆಗೆ ನನ್ನ ಕಾರಿನ ಎಂಜಿನ್ನಿಗೆ ಅಪ್ಪಣೆ ಕೊಡುತ್ತಿದ್ದದ್ದು. ಊಟದ ಡಬ್ಬಿಯ ಮುಚ್ಚಳದಷ್ಟಗಲದ ಲೋಹದ ಪೆಟ್ಟಿಗೆ, ಒಂದು ಬದಿಗೆ ಬಾಚಣಿಗೆಯ ಹಲ್ಲಿನಂತೆ ಸಾಲು ಪಿನ್ನುಗಳು. ಅಲುಗಾಡಿಸಿದರೆ ಸದ್ದಿಲ್ಲ, ಮೂಸಿದರೆ ಸುಟ್ಟ ವಾಸನೆ ಇಲ್ಲ. ಸತ್ತದ್ದು ಯಾವ ಕಾರಣಕ್ಕೆ ಎಂದು ನನ್ನಂಥ ಪಶುವೈದ್ಯನಿಗೆ ಮರಣೋತ್ತರ ಪರೀಕ್ಷೆ ಮಾಡಿದರೂ ತಿಳಿಯುವಂತಿಲ್ಲ.

ಭರಮಸಾಗರದಿಂದ ಹಿಂದಿರುಗುವಾಗ ಕಾರು ಮೂರು ಕಡೆ ನಿಂತಿತು. ಹೇಗೋ ಚಿತ್ರದುರ್ಗ ಮುಟ್ಟಿಸಿ ಮಂಜಣ್ಣನ ಗ್ಯಾರೇಜಿಗೆ ಬಿಟ್ಟೆ. ಅವನು ಒಂದು ಉಪಕರಣ ಚುಚ್ಚಿ, ಅದರ ಪರದೆ ನೋಡಿ, "ಗಾಡಿ ಮೆದುಳೇ ಹೋಗೈತೆ ಸಾರ್. ಬದ್ಲು ಮಾಡ್ಬೇಕು" ಅಂದ. ನಾನು ಸುಮ್ಮನಿರಬಹುದಿತ್ತು. ಆದರೆ ಎಲ್ಲೋ ಒಂದೆರಡು ಪುಟ ಓದಿಕೊಂಡಿದ್ದೆ. "ಮಂಜಣ್ಣ, ಇದು ಕಂಪ್ಯೂಟರಿನ ತೊಂದರೆ ಇರಲಾರದು, ಯಾವುದೋ ಸೆನ್ಸರ್ ಇರಬೇಕು" ಎಂದು ಕಾರಣ ಸಮೇತ ವಿವರಿಸಿದೆ. ಅವನು ಪೂರ್ತಿ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಇರ್ಬೋದು ಸಾರ್. ಬಿಸ್ಲಾಗೆ ಯಾಕೆ ನಿಂತೀರಿ, ಆ ಕಡೀಗೆ ಹೋಗಿ ಒಂದು ಟೀ ಕುಡ್ಕಂಡು ಬರ್ರಿ" ಅಂದ.

ಟೀ ಕುಡಿದು, ಅಂಗಡಿಯವನ ಪತ್ರಿಕೆಯನ್ನೂ ಓದಿ ಬರುವಷ್ಟರಲ್ಲಿ ಹೊಸ ಕಂಪ್ಯೂಟರ್ ಕೂತಾಗಿತ್ತು, ಕಾರು ತಣ್ಣಗೆ ಉಸಿರಾಡುತ್ತಿತ್ತು. ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, "ತಗಳ್ರಿ ಸಾರ್, ನಿಮ್ದೇ ವಸ್ತು" ಎಂದು ಕೈಗಿತ್ತ.

ಮನೆಗೆ ತಂದಾಗ ನನ್ನ ಹೆಂಡತಿ ಸರೋಜ ಚೀಲದೊಳಗೆ ಇಣುಕಿ ನೋಡಿದಳು. "ಕೆಟ್ಟದ್ದನ್ನೆಲ್ಲ ಮನೆಗೆ ತರೋದು ನಿಮಗೊಂದು ಚಟ. ಆ ಪೆನ್ನಿನ ಡಬ್ಬಿಯಲ್ಲಿರೋ ಮಿಡತೆಗೆ ಜೊತೆಯಾಯ್ತು ಬಿಡಿ."

ಮಿಡತೆ ಎಂದರೆ ಕಂಡೆನ್ಸರ್. ಕಿರುಬೆರಳ ತುದಿಯಷ್ಟಿರುವ ತಗಡಿನ ಕೊಳವೆ, ಒಂದು ಕಡೆ ವೈರಿನ ಬಾಲ. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಕಿಡಿ ಹಂಚುವ ಡಬ್ಬಿಯೊಳಗೆ ಇದು ಕೂತಿರುತ್ತಿತ್ತು. ಒಳಗಿನ ಪಾಯಿಂಟುಗಳು ಸುಟ್ಟುಹೋಗದಂತೆ, ಕಿಡಿ ಸರಿಯಾದ ಹೊತ್ತಿಗೆ ಸರಿಯಾದ ಕಡೆ ಹೋಗುವಂತೆ ನೋಡಿಕೊಳ್ಳುವುದು ಇದರ ಕೆಲಸ. ಆ ಕಾಲದ ಗಾಡಿಗೆ ಮೆದುಳು ಅಂತ ಏನಾದರೂ ಇದ್ದರೆ ಅದು ಆ ಡಬ್ಬಿಯೇ. ಬಾಗಿಲು ಮುಚ್ಚಿದ ಮೆದುಳಲ್ಲ. ಎರಡು ಕ್ಲಿಪ್ಪು ಸರಿಸಿದರೆ ತೆರೆದುಕೊಳ್ಳುವಂಥದ್ದು. ಆದ್ದರಿಂದಲೇ ನನ್ನಂಥವರಿಗೆ ಅದರಲ್ಲಿ ಕೈ ಹಾಕುವ ಧೈರ್ಯ ಬರುತ್ತಿತ್ತು.

ಕೈ ಹಾಕುವ ಚಪಲ ನನಗೆ ಚಿಕ್ಕಂದಿನದು. ಹೊಸದುರ್ಗದ ನಮ್ಮ ಮನೆಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ಹತ್ತು ವರ್ಷದವನಾಗಿದ್ದಾಗ ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದೆ. ಎರಡು ಸ್ಕ್ರೂ ಉಳಿದವು, ಆದರೂ ಗಡಿಯಾರ ನಡೆಯಿತು. ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ನನ್ನ ಅಕ್ಕ ಮಾತ್ರ ಪ್ರತಿ ಸಲವೂ, "ಸುಳ್ಳು ಕಣೋ, ಆಮೇಲೆ ಅಪ್ಪ ಗಡಿಯಾರದ ಸಾಬರನ್ನು ಕರೆಸಿದ್ದರು" ಅನ್ನುತ್ತಾಳೆ. ನನಗೆ ಗಡಿಯಾರದ ಸಾಬರು ನೆನಪಿಲ್ಲ. ಉಳಿದ ಎರಡು ಸ್ಕ್ರೂ ಮಾತ್ರ ಸ್ಪಷ್ಟವಾಗಿ ನೆನಪಿವೆ. ನೆನಪು ನಮಗೆ ಬೇಕಾದ್ದನ್ನು ಇಟ್ಟುಕೊಳ್ಳುತ್ತದೆ ಎಂಬ ಗುಮಾನಿ ಬಂದದ್ದರಿಂದಲೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯತೊಡಗಿದೆ. ದಿನಚರಿಯನ್ನು ಬರೆಯುವವನೂ ನಾನೇ ಎಂಬುದು ಆಗ ಹೊಳೆದಿರಲಿಲ್ಲ.

ಎಪ್ಪತ್ತರ ದಶಕದ ನಡುವೆ, ಪದವಿಯ ಶಾಯಿ ಆರುವ ಮೊದಲೇ, ಹೊಳಲ್ಕೆರೆ ಕಡೆಗೆ ಪಶುವೈದ್ಯನಾಗಿ ಬಂದೆ. ಜೊತೆಗೆ ಒಂದು ಜೀಪು, ಜೀಪಿನ ಜೊತೆಗೆ ದಸ್ತಗೀರ್ ಸಾಬರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹಿರಿಯೂರಿನವರು. ಗಾಡಿ ಓಡಿಸುವಾಗ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಎಂಜಿನ್ನಿನ ಮಾತು ಕೇಳುತ್ತಿದ್ದರು. ಹಳೆಯ ಬಿಡಿಭಾಗ ಯಾವುದನ್ನೂ ಎಸೆಯುತ್ತಿರಲಿಲ್ಲ. ಸೀಟಿನ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದರು. ಅದರೊಳಗೆ ಗ್ರೀಸಿನಲ್ಲಿ ಮುಳುಗಿಸಿಟ್ಟ ನಟ್ಟು, ಬೋಲ್ಟು, ಸವೆದ ಪಾಯಿಂಟುಗಳು. "ಏನ್ ಸಾಬರೇ ಇದು?" ಎಂದರೆ, "ಪಿಂಚಣಿದಾರರು ಸಾರ್. ಕೆಲ್ಸ ಬಿಟ್ಟವೆ, ಜೀವ ಬಿಟ್ಟಿಲ್ಲ" ಅನ್ನುತ್ತಿದ್ದರು.

ಒಂದು ವಾರ ಜೀಪು ಕೆಮ್ಮತೊಡಗಿತು. ಹಳ್ಳ ದಿಣ್ಣೆ ಬಂದರೆ ಸಾಕು, ಎಂಜಿನ್ನು ಮುಗ್ಗರಿಸುವುದು. ಸಾಬರು ಕಿಡಿ ಹಂಚುವ ಡಬ್ಬಿ ತೆರೆದು ನೋಡಿ, "ಒಳಗಿನ ವೈರು ಸುಲಿದೈತೆ ಸಾರ್, ಅಲುಗಿದಾಗ ತಗಡಿಗೆ ತಾಗ್ತೈತೆ. ಟೇಪು ಸುತ್ತಾಣ" ಅಂದರು. ನಾನು ಒಪ್ಪಲಿಲ್ಲ. ಭೌತಶಾಸ್ತ್ರದಲ್ಲಿ ಕಂಡೆನ್ಸರಿನ ಪಾಠ ಓದಿದ್ದೆ; ಓದಿದ್ದು ಉಪಯೋಗಕ್ಕೆ ಬಂದ ಅಪರೂಪದ ಗಳಿಗೆ ಅದು. ಔಷಧಿ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು, ವಿದ್ಯುತ್ತು ಇಲ್ಲಿ ಸೇರುತ್ತದೆ, ಅಲ್ಲಿ ಹರಿಯುತ್ತದೆ, ಆದ್ದರಿಂದ ಕೆಟ್ಟಿರುವುದು ಕಂಡೆನ್ಸರೇ ಎಂದು ತೋರಿಸಿದೆ. ಸಾಬರು ಚಿತ್ರವನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಓದಿದೋರು ಹೇಳ್ತೀರಿ ಸಾರ್. ಹಾಕಾಣ."

ಚಿತ್ರದುರ್ಗಕ್ಕೆ ಹೋದಾಗ ನಾನೇ ಅಂಗಡಿಯಲ್ಲಿ ನಿಂತು ಹೊಸ ಕಂಡೆನ್ಸರ್ ಆರಿಸಿದೆ. ಆ ದಿನಗಳಲ್ಲಿ ಕುರಿಗಳಿಗೆ ಲಸಿಕೆ ಹಾಕಿದ ಮೇಲೆ ಬೆನ್ನಿಗೆ ಕೆಂಪು ಬಣ್ಣ ಹಚ್ಚುತ್ತಿದ್ದೆವು. ಚುಚ್ಚಿದ್ದನ್ನೇ ಮತ್ತೆ ಚುಚ್ಚಬಾರದಲ್ಲ. ಬಣ್ಣದ ಡಬ್ಬಿ ಜೀಪಿನಲ್ಲೇ ಇತ್ತು. ತಮಾಷೆಗೆಂದು ಹೊಸ ಕಂಡೆನ್ಸರಿನ ಬೆನ್ನಿಗೂ ಒಂದು ಕೆಂಪು ಗೆರೆ ಎಳೆದು, "ಇದಕ್ಕೂ ಆಯ್ತು ಲಸಿಕೆ" ಅಂದೆ. ಸಾಬರು ನಕ್ಕರು. ಹಳೆಯದನ್ನು ಎಸೆಯಲು ಹೇಳಿದೆ. "ಎಸೀತೀನಿ ಸಾರ್" ಅಂದರು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಸದ್ದು ಮಾಡಿದ್ದನ್ನು ಕೇಳಿಯೂ ಕೇಳದಂತಿದ್ದೆ. ಹೊಸದನ್ನು ಕೂರಿಸುವಾಗಲೇ ಅವರು ಸುಲಿದ ವೈರಿಗೆ ಟೇಪನ್ನೂ ಸುತ್ತಿದರು. ಮೂರು ದಿನ ಜೀಪು ಸೊಗಸಾಗಿ ಓಡಿತು. ಆ ಮೂರು ದಿನವೂ ದಿನಚರಿಯಲ್ಲಿ ಕಂಡೆನ್ಸರಿನ ಹೊಗಳಿಕೆ ಇದೆ. ಟೇಪಿನ ಸುದ್ದಿ ಒಂದೇ ಸಲ, ಅದೂ ಕಂಸದೊಳಗೆ.

ನಾಲ್ಕನೆಯ ದಿನ ತಾಳ್ಯದಾಚೆಯ ಕುರಿಗಳಿಗೆ ಸಿಡುಬಿನ ಲಸಿಕೆ ಹಾಕಬೇಕಿತ್ತು. ಕುರಿಗಳು ಹನುಮಕ್ಕನವು. ನಡುವಯಸ್ಸು ದಾಟಿದ ಹೆಂಗಸು, ಗಂಡನಿಲ್ಲ, ನೂರೈವತ್ತು ಕುರಿಗಳ ಮಂದೆಯನ್ನು ಇಬ್ಬರು ಮೈದುನರನ್ನು ಜೊತೆಗಿಟ್ಟುಕೊಂಡು ನಡೆಸುತ್ತಿದ್ದಳು. ಹಿಂದಿನ ವರ್ಷ ಸಿಡುಬು ಬಂದು ಅರ್ಧ ಮಂದೆ ಹೋಗಿತ್ತು. ಈ ಸಲ ಪಕ್ಕದ ಹಟ್ಟಿಗೆ ಆಗಲೇ ಬಂದಿತ್ತು. ಗೊಬ್ಬರಕ್ಕೆಂದು ಅವಳು ಹೊಲದಲ್ಲಿ ಮಂದೆ ತರುಬುವ ಸರದಿ ಮುಗಿದಿತ್ತು; ಆವತ್ತು ಹೊತ್ತು ನೆತ್ತಿಗೆ ಬರುವ ಮೊದಲು ಮಂದೆ ಎಬ್ಬಿಸಿ ಕಾಲುವೆ ಕಡೆಯ ಕೂಳೆ ಗದ್ದೆಗಳಿಗೆ ಹೊರಡಬೇಕಿತ್ತು. ದಾರಿ ಆ ಸಿಡುಬಿನ ಹಟ್ಟಿಯ ಪಕ್ಕದಲ್ಲೇ. ಹಿಂದಿನ ವಾರ ನನ್ನನ್ನು ಕಂಡು ಅವಳು ಕೇಳಿದ್ದಳು:

"ಏನಪ್ಪ ಡಾಕ್ಟ್ರೇ, ಹೋದ ವರ್ಷ ಇದ್ದೋನೂ ಬರ್ತೀನಿ ಅಂದಿದ್ದ. ನಾವು ದಾರಿ ನೋಡಿದ್ದೇ ಬಂತು. ನೀನೂ ಹಂಗೇನಾ, ಬೇರೇನಾ?"

"ಬೇರೆ" ಅಂದಿದ್ದೆ. ಒಂದೇ ಪದ. ಆದರೆ ನೌಕರಿಯಲ್ಲಿ ನಾನು ಕೊಟ್ಟ ಮೊದಲ ಮಾತು ಅದು.

ಲಸಿಕೆಗೆ ತಂಪು ಬೇಕು. ಬೆಳಿಗ್ಗೆಯೇ ಚಿತ್ರದುರ್ಗಕ್ಕೆ ಹೋಗಿ ಲಸಿಕೆ ತೆಗೆದುಕೊಂಡು, ಐಸ್‌ಕ್ಯಾಂಡಿ ತಯಾರಿಸುವವರ ಹತ್ತಿರ ಮಂಜುಗಡ್ಡೆ ಕೇಳಿದೆವು. ಬಿಳಿ ಗಡ್ಡೆ ಮುಗಿದಿತ್ತು. ಕೊಟ್ಟದ್ದು ಗುಲಾಬಿ ಬಣ್ಣದ್ದು, ಸಕ್ಕರೆ ಹಾಕಿದ್ದು. ದೊಡ್ಡ ಬಾಯಿಯ ಥರ್ಮಾಸ್ ಫ್ಲಾಸ್ಕಿಗೆ ಒಡೆದು ತುಂಬಿ, ನಡುವೆ ಲಸಿಕೆಯ ಸೀಸೆಗಳನ್ನು ಹುದುಗಿಸಿ ಹೊರಟೆವು. ಆ ಐಸು ಕರಗಿದರೆ ಲಸಿಕೆ ಕೆಟ್ಟಂತೆ. ಮುಂದಿನ ಸರಬರಾಜು ತಿಂಗಳ ನಂತರ.

ಹೊಳಲ್ಕೆರೆ ದಾಟಿ ತಾಳ್ಯದ ದಾರಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಜೀಪು ನಿಂತಿತು. ಈ ಸಲ ಕೆಮ್ಮಲಿಲ್ಲ, ನೇರವಾಗಿ ಪ್ರಾಣ ಬಿಟ್ಟಿತು. ಸಾಬರು ಬಾನೆಟ್ ಎತ್ತಿ ಕಾದರು. ಎಂಜಿನ್ನು ಆರಿದ ಮೇಲೆ ಒಂದೇ ಗುದ್ದಿಗೆ ಶುರುವಾಯಿತು. ಒಂದು ಮೈಲಿ ಹೋಗಿ ಮತ್ತೆ ನಿಂತಿತು. ಮತ್ತೆ ಕಾದೆವು, ಮತ್ತೆ ಹೋದೆವು, ಮತ್ತೆ ನಿಂತೆವು. ಎರಡೂ ಕಡೆ ಜಾಲಿ ಗಿಡ, ಬಿಸಿಲು ಏರುತ್ತಿತ್ತು. ನಾನು ಫ್ಲಾಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿವಿ ಕೊಟ್ಟರೆ ಒಳಗೆ ನೀರಿನ ಕುಲುಕು ಕೇಳುತ್ತಿತ್ತು.

"ಬಿಸಿಯಾದ್ರೆ ಸಾಯ್ತೈತೆ, ತಣ್ಣಗಾದ್ರೆ ಏಳ್ತೈತೆ" ಎಂದು ಸಾಬರು ತಮಗೆ ತಾವೇ ಹೇಳಿಕೊಂಡರು. ಕಿಡಿಯ ಡಬ್ಬಿ ತೆರೆದು ಒಳಗೆ ನೋಡಿ, ನನ್ನ ಮುಖ ನೋಡಿ, ಮತ್ತೆ ಒಳಗೆ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, "ಹೊಸ್ದು... ಹೊಸ್ದೇ ಐತಲ್ಲ ಸಾರ್" ಎಂದು ನಿಲ್ಲಿಸಿದರು.

"ಹೊಸದು ಸರಿಯಾಗೇ ಇದೆ ಸಾಬರೇ. ಬಿಸಿಲಿಗೆ ಕಾಯ್ತಿದೆ ಅಷ್ಟೇ. ತಂಪು ಮಾಡಿದರೆ ಓಡುತ್ತೆ" ಅಂದೆ. ಕೆಟ್ಟಿದ್ದರೆ ನಾನು ಆರಿಸಿದ್ದು ಕೆಟ್ಟಂತೆ. ಬಿಸಿಲಿನ ತಪ್ಪಾದರೆ ಯಾರ ತಪ್ಪೂ ಅಲ್ಲ. ಫ್ಲಾಸ್ಕು ತೆರೆದು ಒಂದು ಗುಲಾಬಿ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿ ಕಂಡೆನ್ಸರಿಗೆ ಒತ್ತಿ ಹಿಡಿದೆ.

"ಅರೆ, ಔಷ್ದಿ ಐಸು ಸಾರ್ ಅದು!"

"ಒಂದೇ ತುಂಡು."

ಜೀಪು ಶುರುವಾಯಿತು. ಆ ಕ್ಷಣದ ಹೆಮ್ಮೆಯನ್ನು ಈಗಲೂ ಎದೆಯಲ್ಲಿ ಮುಟ್ಟಿ ನೋಡಬಲ್ಲೆ. ಅರ್ಧ ಮೈಲಿ ಹೋದೆವು. ನಿಂತಿತು. ಎರಡನೆಯ ತುಂಡು. ಮತ್ತೆ ಅಷ್ಟೇ ದೂರ. ಮೂರನೆಯದಕ್ಕೆ ನಾನು ಕೈ ಹಾಕಿದಾಗ ಸಾಬರು ಫ್ಲಾಸ್ಕಿನ ಮುಚ್ಚಳದ ಮೇಲೆ ತಮ್ಮ ಅಂಗೈ ಇಟ್ಟರು. ನನಗೆ ಅವರು ಕೈ ಅಡ್ಡ ಮಾಡಿದ್ದು ಅದೊಂದೇ ಸಲ.

"ಸಾರ್, ಹಿಂಗೇ ಹಾಕಿದ್ರೆ ನಾವು ಮುಟ್ತೀವಿ, ಔಷ್ದಿ ಮುಟ್ಟಲ್ಲ. ನೀವೊಂದು ಕೆಲ್ಸ ಮಾಡ್ರಿ. ಆ ಗುಡ್ಡ ಹತ್ತಿ, ಹನುಮಕ್ಕನ ಕುರಿ ಎದ್ದವಾ, ಇನ್ನೂ ಅವಾ ನೋಡ್ಕಂಡು ಬರ್ರಿ. ಅಷ್ಟ್ರಾಗೆ ಇದು ಆರ್ತೈತೆ. ಆಮ್ಯಾಕೆ ಏನ್ಮಾಡಾಣ ಅಂತ ನೋಡಾಣ."

ಇದು ಬುದ್ಧಿವಂತಿಕೆಯ ಮಾತು ಅನ್ನಿಸಿತು. ಫ್ಲಾಸ್ಕನ್ನು ಸೀಟಿನ ನೆರಳಿನಲ್ಲಿಟ್ಟು ಗುಡ್ಡ ಹತ್ತಿದೆ. ಗುಡ್ಡವೆಂದರೆ ಬಂಡೆಗುಂಡುಗಳ ಒಂದು ರಾಶಿ. ಮೇಲೆ ನಿಂತು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದರೆ ದೂರದಲ್ಲಿ ಧೂಳು. ಧೂಳು ನಡೆಯುತ್ತಿತ್ತು. ಹನುಮಕ್ಕ ಮಂದೆ ಎಬ್ಬಿಸಿದ್ದಳು. 'ನೀನೂ ಹಂಗೇನಾ' ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಧೂಳಾಗಿ ಹೋಗುತ್ತಿತ್ತು. ಜಾರುತ್ತ, ಮುಳ್ಳಿಗೆ ಪ್ಯಾಂಟು ಕೊಡುತ್ತ ಇಳಿದೆ. ಅರ್ಧ ಇಳಿದಿರುವಾಗಲೇ ಕೆಳಗಿನಿಂದ ಎಂಜಿನ್ನಿನ ಸದ್ದು ಕೇಳಿಸಿತು. ಸ್ವಚ್ಛವಾದ, ತಡವರಿಸದ ಸದ್ದು.

"ಕುಂತ್ಕಳ್ರಿ ಸಾರ್" ಅಂದರು ಸಾಬರು. "ನಿಮ್ಮ ಐಸು ಈಗ ಹಿಡೀತು ನೋಡ್ರಿ."

ಮತ್ತೆ ಜೀಪು ನಿಲ್ಲಲಿಲ್ಲ. ಸಿಡುಬಿನ ಹಟ್ಟಿಗೆ ಇನ್ನೂ ಒಂದು ಮೈಲಿ ಇರುವಾಗ ಮಂದೆಗೆ ಅಡ್ಡ ಹೋದೆವು. ಹನುಮಕ್ಕ ಮುಂದೆ ನಿಂತು ಕೋಲು ಊರಿದಳು.

"ಏನಪ್ಪ, ಹೊತ್ತು ಎಲ್ಲೈತೆ ನೋಡೀಯಾ? ಹೊಲದಾಗೆ ಬರ್ತೀನಿ ಅಂದೋನು ದಾರಿ ಮ್ಯಾಲೆ ಅಡ್ಡ ಬಂದೀಯ."

"ಜೀಪು ಕೆಟ್ಟಿತ್ತಮ್ಮ."

"ಜೀಪು ಕೆಟ್ರೆ ನಿಂಗೆ ಬಾಯೈತಲ್ಲ. ಯಾರ ಕೈಯಾಗಾದ್ರೂ ಹೇಳ್ಕಳ್ಸಿದ್ರೆ ಕುರೀನೇ ಇತ್ತ ಹೊಡ್ಕಂಡು ಬರ್ತಿದ್ದೆ. ಕುರಿಗೆ ನಾಕು ಕಾಲವೆ, ಪೆಟ್ರೋಲು ಬ್ಯಾಡ."

ನಾನು ಐದು ವರ್ಷ ಓದಿದ್ದೆ. ಕುರಿ ನಡೆಯುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಸಾಬರು ಆ ಕಡೆ ತಿರುಗಿ ಬೀಡಿ ಹಚ್ಚಿಕೊಂಡರು. ನಗು ಅಡಗಿಸುವುದಕ್ಕಿರಬೇಕು.

ದಾರಿಯ ಪಕ್ಕದ ಬೇವಿನ ಮರದ ಕೆಳಗೆ ಕೆಲಸ ಶುರುವಾಯಿತು. ಫ್ಲಾಸ್ಕು ತೆರೆದರೆ ಗುಲಾಬಿ ನೀರಿನ ನಡುವೆ ಒಂದು ಹಿಡಿ ಐಸು ಉಳಿದಿತ್ತು. ಸೀಸೆಗಳು ಮುಟ್ಟಿದರೆ ಕೈ ಚುರುಗುಟ್ಟುವಷ್ಟು ತಣ್ಣಗಿದ್ದವು. "ಇದೇನಪ್ಪ, ಔಷ್ದಿಗೂ ಕುಂಕುಮದ ನೀರು ಮಾಡೀಯ?" ಎಂದು ಹನುಮಕ್ಕ ಇಣುಕಿದಳು. ಮೈದುನರು ಒಂದೊಂದೇ ಕುರಿಯನ್ನು ಹಿಡಿದು ಕೊಡುವುದು, ನಾನು ಚುಚ್ಚುವುದು, ಸಾಬರು ಕೆಂಪು ಬಣ್ಣ ಬಳಿಯುವುದು. ಕೊನೆಗೆ ಗೊಂದಲವಾಗಿ ಒಂದು ಕುರಿಯನ್ನು ಮತ್ತೆ ನನ್ನ ಮುಂದೆ ತಂದಾಗ ಹನುಮಕ್ಕ ಗದರಿದಳು: "ಲೇ, ಬೆನ್ನು ನೋಡ್ರಲೇ! ಕೆಂಪೈತೆ ಅಂದ್ರೆ ಅದರದ್ದು ಮುಗೀತು. ಅದನ್ನ ಆಚಿಗೆ ಬಿಡ್ರಿ."

ಹೊರಡುವಾಗ ಅವಳು ರಾಗಿ ರೊಟ್ಟಿ, ಹುಚ್ಚೆಳ್ಳಿನ ಪುಡಿ ಕೊಟ್ಟಳು. "ಬೇರೇನೇ ಇದೀಯ ಬಿಡು" ಅಂದಳು. "ಒಂಚೂರು ತಡ, ಅಷ್ಟೇ." ಆ ವರ್ಷ ಅವಳ ಮಂದೆಗೆ ಸಿಡುಬು ಬರಲಿಲ್ಲ. ಇದನ್ನು ನೆನಪಿನಿಂದ ಹೇಳುತ್ತಿಲ್ಲ, ದಿನಚರಿಯಲ್ಲೂ ಇದೆ.

ಎರಡು ವರ್ಷದ ಮೇಲೆ ನನಗೆ ವರ್ಗವಾಯಿತು. ಜೀಪು ಅಲ್ಲಿಯವರೆಗೂ ಚೆನ್ನಾಗಿಯೇ ಓಡಿತು. ಹೊರಡುವ ದಿನ, "ಸಾಬರೇ, ಆವತ್ತು ತೆಗೆದ ಹಳೆಯ ಕಂಡೆನ್ಸರನ್ನ ಎಸೆದಿಲ್ಲ ಅಂತ ಗೊತ್ತು. ಕೊಡಿ, ನೆನಪಿಗೆ ಇಟ್ಟುಕೊಳ್ತೀನಿ" ಅಂದೆ. ಅವರು ಯಾಕೋ ಮುಜುಗರಪಟ್ಟರು.

"ಬ್ಯಾಡ ಬಿಡ್ರಿ ಸಾರ್, ಅದ್ರಾಗೇನೈತೆ."

ನಾನು ಬಿಡಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಕೈಯಾಡಿಸಿ, ಗ್ರೀಸು ಮೆತ್ತಿದ ಆ ಮಿಡತೆಯನ್ನು ತೆಗೆದು, ಒಂದು ಕ್ಷಣ ಹಿಡಿದುಕೊಂಡೇ ಇದ್ದು, ಕಾಗದದಲ್ಲಿ ಸುತ್ತಿ ಕೊಟ್ಟರು. ಅಂದಿನಿಂದ ಅದು ಊರಿಂದೂರಿಗೆ ನನ್ನ ಪೆನ್ನಿನ ಡಬ್ಬಿಯಲ್ಲಿ ತಿರುಗಿದೆ. ಗ್ರೀಸು ಒಣಗಿ ಕಪ್ಪು ಹಕ್ಕಳೆಯಾಗಿದೆ. ಬಂದವರಿಗೆಲ್ಲ ತೋರಿಸಿ ಗುಲಾಬಿ ಐಸಿನ ಕಥೆ ಹೇಳುತ್ತಿದ್ದೆ. ಕಥೆಯ ಕೊನೆಯಲ್ಲಿ ಪ್ರತಿ ಸಲವೂ ವಿಜ್ಞಾನ ಗೆಲ್ಲುತ್ತಿತ್ತು.

ನಿನ್ನೆ ಸರೋಜ, "ಎರಡನ್ನೂ ಇಟ್ಟುಕೊಳ್ಳೋದಾದರೆ ಒರೆಸಿಯಾದರೂ ಇಡಿ" ಅಂದಳು. ಕಂಪ್ಯೂಟರನ್ನು ಒರೆಸಿದೆ. ಹತ್ತಿಗೆ ಸ್ಪಿರಿಟ್ ಹಾಕಿ ಕಂಡೆನ್ಸರನ್ನು ಉಜ್ಜಿದೆ. ಕಪ್ಪು ಹಕ್ಕಳೆ ಎದ್ದು ಬಂತು. ಕೆಳಗೆ ತಗಡು ಕಂಡಿತು. ಇನ್ನೊಂದು ಸಲ ಉಜ್ಜಿದೆ. ಬೆನ್ನಿನ ಮೇಲೆ ಒಂದು ಕೆಂಪು ಗೆರೆ.

ಇದು ಹಳೆಯದಲ್ಲ. ನಾನು ಆರಿಸಿದ, ನಾನು ಗುರುತು ಹಾಕಿದ ಹೊಸದು. ಜೀಪಿನೊಳಗೆ ಇರಬೇಕಾಗಿದ್ದದ್ದು.

ದಿನಚರಿ ತೆಗೆದೆ. ಆ ದಿನದ ಪುಟ ಸಿಕ್ಕಿತು. 'ಮಂಜುಗಡ್ಡೆಯಿಂದ ಕಂಡೆನ್ಸರ್ ತಂಪಾಗಿ ಜೀಪು ಸರಿಹೋಯಿತು. ನನ್ನ ಊಹೆ ನಿಜವಾಯಿತು' ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೇನೆ. ಎರಡು ಸಾಲಿನ ಕೆಳಗೆ, ಯಾವ ಮಹತ್ವವೂ ಇಲ್ಲದಂತೆ: 'ದಸ್ತಗೀರ್ ಕೈಯೆಲ್ಲ ಗ್ರೀಸು. ಬಣ್ಣದ ಬ್ರಷ್ಷಿಗೂ ಹತ್ತಿತು.' ನಾನು ಗುಡ್ಡ ಹತ್ತುವಾಗ ಅವರ ಕೈ ಶುಭ್ರವಾಗಿತ್ತು; ಫ್ಲಾಸ್ಕಿನ ಬಿಳಿ ಮುಚ್ಚಳದ ಮೇಲೆ ಅವರು ಅಂಗೈಯೂರಿದ್ದು ನನಗೆ ಚೆನ್ನಾಗಿ ನೆನಪಿದೆ. ಅಥವಾ ನೆನಪಿದೆ ಅಂದುಕೊಂಡಿದ್ದೇನೆ. ಐಸು ಒತ್ತಿದರೆ ಕೈಗೆ ಗ್ರೀಸು ಹತ್ತುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಕೈ ಹಾಕಿದರೆ ಹತ್ತುತ್ತದೆ. ನಾನು ಗುಡ್ಡದ ಮೇಲಿದ್ದಾಗ ಅವರು ಕೆಟ್ಟ ಹೊಸದನ್ನು ಕಿತ್ತು, ಸುಲಿದ ವೈರಿನ ತಪ್ಪಿಗೆ ಸುಮ್ಮನೆ ಶಿಕ್ಷೆ ಉಂಡಿದ್ದ ಹಳೆಯದನ್ನೇ ಮತ್ತೆ ಕೂರಿಸಿದ್ದರು.

ಆ ಡಬ್ಬಿಯನ್ನು ಅವರು ನನ್ನೆದುರಿಗೇ ತೆರೆಯಬಹುದಿತ್ತು. ಮೊದಲನೆಯ ಸಲ ಜೀಪು ನಿಂತಾಗಲೇ ಅವರಿಗೆ ಗೊತ್ತಾಗಿತ್ತು ಅಂತ ಈಗ ಅನ್ನಿಸುತ್ತದೆ. ಓದಿದ ಹುಡುಗನ ಮುಖ ಉಳಿಸುವುದಕ್ಕೆ ಎರಡು ತುಂಡು ಐಸು ಕರಗುವವರೆಗೆ ಕಾದರು. ಲಸಿಕೆಗೇ ಕುತ್ತು ಬಂದಾಗ ಮಾತ್ರ ಕೈ ಅಡ್ಡ ಇಟ್ಟರು. ನನ್ನ ಮುಖ, ಹನುಮಕ್ಕನ ಕುರಿ, ಎರಡನ್ನೂ ಉಳಿಸಲು ಅವರಿಗೆ ಬೇಕಾಗಿದ್ದದ್ದು ನಾನು ಸ್ವಲ್ಪ ಹೊತ್ತು ಒಂದು ಗುಡ್ಡದ ಮೇಲೆ ಇರುವುದು, ಅಷ್ಟೇ. ವರ್ಗದ ದಿನ ಬೇರೆ ಯಾವುದೋ ಹಳೆಯ ಕಂಡೆನ್ಸರ್ ಕೊಟ್ಟಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಯಾಕೆ ಇದನ್ನೇ ಕೊಟ್ಟರು? ಕೇಳೋಣವೆಂದರೆ ಸಾಬರು ಹೋಗಿ ಎಷ್ಟೋ ವರ್ಷಗಳಾದವು. ಸುಳ್ಳು ವಸ್ತು ಕೊಡಲು ಅವರಿಗೆ ಮನಸ್ಸು ಬರಲಿಲ್ಲವೇನೋ. ಎಂದಾದರೂ ಒರೆಸಿಕೊಳ್ಳಲಿ ಅಂದುಕೊಂಡರೋ. ಒರೆಸಲು ನನಗೆ ಇಷ್ಟು ವರ್ಷ ಹಿಡಿಯಿತು.

ಬೇಸರವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ನನ್ನ ಜಾಣತನದ ಗುರುತೆಂದು ಇಟ್ಟುಕೊಂಡದ್ದು ಇನ್ನೊಬ್ಬರ ಒಳ್ಳೆಯತನದ ಗುರುತಾಗಿ ಬದಲಾಯಿತು. ನಷ್ಟವೇನಿಲ್ಲ. ಅಕ್ಕನಿಗೆ ಫೋನು ಮಾಡಿ, "ಗಡಿಯಾರದ ಸಾಬರು ಬಂದಿದ್ದರು ಅಂತ ಕಾಣುತ್ತೆ ಕಣೇ" ಅಂದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ, ಖುಷಿಯಂತೂ ಆಯಿತು.

ದಿನಚರಿಯ ಆ ಗೆರೆಯನ್ನು ಹೊಡೆದು ಹಾಕಲು ಮನಸ್ಸಾಗಲಿಲ್ಲ. ಅದರ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಒಂದು ಚಿಕ್ಕ ಗೆರೆ ಎಳೆದೆ.

ಆಮೇಲೆ ಕಂಪ್ಯೂಟರಿನ ಕಡೆ ನೋಡಿದೆ. ಸೆನ್ಸರ್ ಎಂದು ನಾನು ಹಟ ಹಿಡಿದದ್ದು, ಮಂಜಣ್ಣ ನಡುವೆ ಬಾಯಿ ಹಾಕದೆ ಕೇಳಿದ್ದು, "ಇರ್ಬೋದು ಸಾರ್" ಅಂದದ್ದು ನೆನಪಾಯಿತು. ಹೊಳಲ್ಕೆರೆಯಲ್ಲಿ ನನಗೆ ಗುಡ್ಡ ಸಿಕ್ಕಿತ್ತು, ಚಿತ್ರದುರ್ಗದಲ್ಲಿ ಟೀ ಅಂಗಡಿ. ಮುಂದಿನ ಸಲ ಕಾರು ಕೆಟ್ಟಾಗ, ಅವನು ಹೇಳುವ ಮೊದಲೇ ಟೀ ಕುಡಿಯಲು ಹೋಗಬೇಕು ಅಂದುಕೊಂಡಿದ್ದೇನೆ.